ಗೋಡೆಯೊಳಗೆ ಏನಿದೆ? ಬೀದರಿನ ಕಲ್ಲು, ಫ್ಲಾರೆನ್ಸಿನ ಚರ್ಚು ಮತ್ತು ಆಕಾಶದಿಂದ ಇಳಿಯುವ ಮ್ಯೂಆನ್

ಬೀದರಿನ ಮಹಮೂದ್ ಗವಾನ್ ಮದರಸಾದ ಮುಂಭಾಗದಲ್ಲಿ ಒಂದು ಕಾಲಕ್ಕೆ ಎರಡು ಮಿನಾರುಗಳಿದ್ದವು. ಈಗ ಒಂದೇ ನಿಂತಿದೆ. 1472ರ ಸುಮಾರಿಗೆ ಕಟ್ಟಿ ಮುಗಿಸಿದ ಈ ಮೂರಂತಸ್ತಿನ ವಿದ್ಯಾಲಯ, 17ನೆಯ ಶತಮಾನದ ಕೊನೆಯಲ್ಲಿ ಸ್ಫೋಟಕ್ಕೆ ಸಿಕ್ಕಿ ಮುಂಭಾಗದ ದೊಡ್ಡ ಪಾಲನ್ನು ಕಳೆದುಕೊಂಡಿತು. ಉಳಿದ ಮಿನಾರಿನ ಮೈಗೆ ಇಂದಿಗೂ ಬಣ್ಣದ ಹೆಂಚಿನ ಚೂರುಗಳು ಅಂಟಿಕೊಂಡಿವೆ. ಪ್ರವಾಸಿಗರು ಫೋಟೊ ತೆಗೆಯುವುದು ಆ ಹೆಂಚುಗಳನ್ನು, ಪುಸ್ತಕಗಳು ವರ್ಣಿಸುವುದೂ ಅವುಗಳನ್ನೇ. ಆದರೆ ಕಟ್ಟಡವನ್ನು ಇನ್ನೂ ನೂರಾರು ವರ್ಷ ನಿಲ್ಲಿಸಬೇಕು ಎಂದು ಹೊರಟವರಿಗೆ ಬೇಕಾದ ಮಾಹಿತಿ ಗೋಡೆಯ ಹೊರಮೈಯಲ್ಲಿ ಸಿಗುವುದಿಲ್ಲ. ಒಳಗಿನ ಗಾರೆ ಎಲ್ಲಿ ಪುಡಿಯಾಗಿದೆ? ಸ್ಫೋಟದ ಹೊಡೆತಕ್ಕೆ ಒಳಗೆ ಟೊಳ್ಳು ಬಿದ್ದಿದೆಯೇ? ತೇವ ಏರದಿರಲೆಂದು ತಳಪಾಯದಲ್ಲಿ ಸೀಸದ ತಗಡು ಹಾಸಿದ್ದರು ಎನ್ನುತ್ತಾರೆ. ಅದು ಎಲ್ಲಿಂದ ಎಲ್ಲಿಯವರೆಗೆ ಹಬ್ಬಿದೆ? ಕೊರೆದು ನೋಡಬಹುದು ನಿಜ. ಕೊರೆದರೆ ಉಳಿಸಬೇಕಾದುದನ್ನೇ ಹಾಳು ಮಾಡಿದಂತೆ.

ಇಂಥದೇ ಪ್ರಶ್ನೆ ಇಟಲಿಯ ಫ್ಲಾರೆನ್ಸ್ ನಗರದ ಮಹಾ ಚರ್ಚಿನ ಮುಂದೆಯೂ ಇದೆ. ಬ್ರುನೆಲೆಸ್ಕಿ ಎಂಬ ವಾಸ್ತುಶಿಲ್ಪಿ 1420ರಿಂದ 1436ರವರೆಗೆ ಕಟ್ಟಿಸಿದ ಅದರ ಗುಮ್ಮಟ ಎಂಟು ಮೂಲೆಯದು, ಒಳಗೊಂದು ಹೊರಗೊಂದು ಎಂದು ಎರಡು ಪದರದ್ದು. ಹೇಗೆ ಕಟ್ಟಿದೆ ಎಂಬುದರ ನಕ್ಷೆಯನ್ನು ಆತ ಬಿಟ್ಟುಹೋಗಲಿಲ್ಲ. ಶತಮಾನಗಳಿಂದ ಗುಮ್ಮಟದಲ್ಲಿ ಬಿರುಕುಗಳಿವೆ. ಗುಮ್ಮಟ ಅಗಲಕ್ಕೆ ಸರಿಯದಂತೆ ಬಿಗಿಹಿಡಿಯುವ ಕಲ್ಲಿನ ಹಾಗೂ ಮರದ ಸುತ್ತುಪಟ್ಟಿಗಳು ಇರುವುದು ಗೊತ್ತು. ಗೋಡೆಯ ಹೊಟ್ಟೆಯಲ್ಲಿ ಕಬ್ಬಿಣದ ಸರಪಳಿಯೂ ಇದೆಯೇ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಬಹುಕಾಲದ ಚರ್ಚೆಯಿದೆ. ಇದೆಯೋ ಇಲ್ಲವೋ ತಿಳಿಯದೆ ದುರಸ್ತಿಯ ಲೆಕ್ಕ ಹಾಕಲು ಬರುವುದಿಲ್ಲ. ಈ ಚರ್ಚೆಗೆ ನೆರವಾಗಲು ಮುಂದೆ ಬಂದವರು ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದ ಕಣ ಭೌತವಿಜ್ಞಾನಿಗಳು. ದಪ್ಪ ಗೋಡೆಯೊಂದರ ಮಾದರಿ ಕಟ್ಟಿ, ಒಳಗೆ ಕಬ್ಬಿಣದ ಸರಳುಗಳನ್ನು ಹುದುಗಿಸಿ, ಗೋಡೆಯನ್ನು ಮುಟ್ಟದೆಯೇ ಅವುಗಳ ಚಿತ್ರ ತೆಗೆಯಬಹುದು ಎಂದು ಅವರು ತೋರಿಸಿದರು. ಅದಕ್ಕೆ ಬಳಸಿದ್ದು ಮ್ಯೂಆನ್ ಎಂಬ ಕಣ.

ಬಾಹ್ಯಾಕಾಶದಿಂದ ಸದಾ ಬರುವ ವಿಶ್ವಕಿರಣಗಳಲ್ಲಿ ಹೆಚ್ಚಿನವು ಪ್ರೋಟಾನ್‌ಗಳು. ಅವು ನೆಲದಿಂದ ಸುಮಾರು 15 ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಪರಮಾಣುಗಳಿಗೆ ಬಡಿದಾಗ ಪಯಾನ್ ಎಂಬ ಕಣಗಳು ಹುಟ್ಟುತ್ತವೆ. ಪಯಾನ್ ಕ್ಷಣಾರ್ಧದಲ್ಲಿ ಅಳಿದು ಮ್ಯೂಆನ್ ಆಗುತ್ತದೆ. ಮ್ಯೂಆನ್ ಎಲೆಕ್ಟ್ರಾನಿನ ಗುಣದ್ದೇ, ತೂಕ ಮಾತ್ರ ಅದರ ಸುಮಾರು 207 ಪಟ್ಟು. ಅದರ ಸರಾಸರಿ ಆಯುಸ್ಸು ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ 2.2 ಭಾಗ. ಬೆಳಕಿನ ವೇಗದಲ್ಲಿ ಓಡಿದರೂ ಅಷ್ಟು ಹೊತ್ತಿನಲ್ಲಿ ಏಳುನೂರು ಮೀಟರ್ ಕೂಡ ದಾಟಬಾರದು. ಆದರೂ ನೆಲ ಮುಟ್ಟುತ್ತದೆ. ಅಷ್ಟು ವೇಗದಲ್ಲಿ ಚಲಿಸುವ ಕಣದ ಕಾಲ ನಮ್ಮ ಗಡಿಯಾರಕ್ಕಿಂತ ನಿಧಾನವಾಗಿ ಸಾಗುತ್ತದೆ ಎಂಬ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತಕ್ಕೆ ಮ್ಯೂಆನ್ ಪ್ರತಿ ಕ್ಷಣ ಸಾಕ್ಷಿ ಹೇಳುತ್ತದೆ. ಸಮುದ್ರಮಟ್ಟದಲ್ಲಿ ಒಂದು ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದರಂತೆ ಇವು ಇಳಿಯುತ್ತವೆ. ಅಂಗೈ ಚಾಚಿದರೆ ಸೆಕೆಂಡಿಗೆ ಒಂದಾದರೂ ತೂರಿಹೋಗುತ್ತದೆ. ಅದಕ್ಕೆ ವಿದ್ಯುತ್ ಬೇಡ, ಯಂತ್ರ ಬೇಡ, ಯಾರ ಅಪ್ಪಣೆಯೂ ಬೇಡ.

ಆಸ್ಪತ್ರೆಯ ಎಕ್ಸ್‌-ರೇ ಮೂಳೆಯಲ್ಲಿ ಹೆಚ್ಚು ತಡೆಯುಂಡು ಮಾಂಸದಲ್ಲಿ ಕಡಿಮೆ ತಡೆಯುಂಡು ಚಿತ್ರ ಮೂಡಿಸುವ ಹಾಗೆಯೇ ಇಲ್ಲಿಯೂ ನಡೆಯುತ್ತದೆ. ಎಕ್ಸ್‌-ರೇ ಕಲ್ಲಿನಲ್ಲಿ ಹೆಚ್ಚು ದೂರ ಹೋಗಲಾರದು, ಮ್ಯೂಆನ್ ನೂರಾರು ಮೀಟರ್ ಹೋಗಬಲ್ಲದು. ಕಟ್ಟಡದ ಕೆಳಗೆ ಅಥವಾ ಪಕ್ಕದಲ್ಲಿ ಪತ್ತೆಯಂತ್ರವನ್ನು ಇಟ್ಟು, ಯಾವ ದಿಕ್ಕಿನಿಂದ ಎಷ್ಟು ಮ್ಯೂಆನ್ ಬಂದವು ಎಂದು ತಿಂಗಳುಗಟ್ಟಲೆ ಎಣಿಸುತ್ತಾರೆ. ಲೆಕ್ಕಕ್ಕಿಂತ ಹೆಚ್ಚು ಬಂದ ದಿಕ್ಕಿನಲ್ಲಿ ಟೊಳ್ಳಿದೆ, ಕಡಿಮೆ ಬಂದ ಕಡೆ ಗಟ್ಟಿ ವಸ್ತುವಿದೆ. ಇನ್ನೊಂದು ವಿಧಾನದಲ್ಲಿ ಎಣಿಕೆಗಿಂತ ತಿರುವು ಮುಖ್ಯ. ಕಬ್ಬಿಣ, ಸೀಸದಂಥ ಭಾರದ ಲೋಹಗಳ ಮೂಲಕ ಹಾದಾಗ ಮ್ಯೂಆನಿನ ದಾರಿ ಕಲ್ಲಿನಲ್ಲಿ ಹಾದಾಗಿನದಕ್ಕಿಂತ ಹೆಚ್ಚು ಬಾಗುತ್ತದೆ. ಫ್ಲಾರೆನ್ಸಿನ ಸರಪಳಿಯ ಹುಡುಕಾಟಕ್ಕೆ ಯೋಜಿಸಿದ್ದು ಈ ಎರಡನೆಯ ವಿಧಾನ.

ಈ ವಿದ್ಯೆ ಕರ್ನಾಟಕಕ್ಕೆ ಹೊರಗಿನದು ಎಂದು ಯಾರೂ ಭಾವಿಸಬೇಕಿಲ್ಲ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕೋಲಾರದ ಚಿನ್ನದ ಗಣಿಗಳಲ್ಲಿ ಬೇರೆ ಬೇರೆ ಆಳಕ್ಕೆ ಇಳಿದು, ಅಲ್ಲಿ ಎಷ್ಟು ಮ್ಯೂಆನ್ ಉಳಿದಿವೆ ಎಂದು ಎಣಿಸಿದರು. ಆಳ ಹೆಚ್ಚಿದಂತೆ ಸಂಖ್ಯೆ ಇಳಿಯುತ್ತಾ ಹೋಗಿ, ಎಲ್ಲಕ್ಕಿಂತ ಆಳದ ಜಾಗದಲ್ಲಿ ವಾರಗಟ್ಟಲೆ ಕಾದರೂ ಒಂದೂ ದಾಖಲಾಗಲಿಲ್ಲ. ಅಷ್ಟು ನಿಶ್ಶಬ್ದ ಜಾಗವಿದ್ದರೆ, ಯಾವುದಕ್ಕೂ ಸುಲಭಕ್ಕೆ ತಾಗದೆ ಹಾದುಹೋಗುವ ನ್ಯೂಟ್ರಿನೊ ಎಂಬ ಕಣವನ್ನು ಹುಡುಕಬಹುದು ಎಂದು ಜಪಾನ್ ಮತ್ತು ಬ್ರಿಟನ್ನಿನ ವಿಜ್ಞಾನಿಗಳ ಜೊತೆಗೂಡಿ ಅದೇ ಗಣಿಯಲ್ಲಿ ಪ್ರಯೋಗ ಹೂಡಿದರು. ವಿಶ್ವಕಿರಣದಿಂದ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಮೊದಲ ಸುಳಿವು 1965ರಲ್ಲಿ ಸಿಕ್ಕಿದ್ದು ಅಲ್ಲಿ ಮತ್ತು ದಕ್ಷಿಣ ಆಫ್ರಿಕಾದ ಇನ್ನೊಂದು ಚಿನ್ನದ ಗಣಿಯಲ್ಲಿ. ಎಷ್ಟು ಕಲ್ಲು ಎಷ್ಟು ಮ್ಯೂಆನನ್ನು ತಡೆಯುತ್ತದೆ ಎಂಬ ಲೆಕ್ಕಕ್ಕೆ ನಮ್ಮ ರಾಜ್ಯದ ನೆಲದಡಿಯ ಅಳತೆಗಳೂ ಬುನಾದಿ ಹಾಕಿವೆ.

ಈ ಲೆಕ್ಕವನ್ನು ಪ್ರಾಚೀನ ಕಟ್ಟಡದತ್ತ ತಿರುಗಿಸಿದವರಲ್ಲಿ ಮೊದಲಿಗರು ಭೌತವಿಜ್ಞಾನಿ ಲೂಯಿ ಆಲ್ವರೆಜ್. ಈಜಿಪ್ಟಿನ ಖಫ್ರೆ ಪಿರಮಿಡ್ಡಿನ ಅಡಿಯ ಕೋಣೆಯಲ್ಲಿ ಯಂತ್ರವನ್ನಿಟ್ಟು, ತಾವು ಪರೀಕ್ಷಿಸಿದ ಭಾಗದಲ್ಲಿ ಗುಪ್ತ ಕೋಣೆ ಯಾವುದೂ ಇಲ್ಲ ಎಂದು 1970ರಲ್ಲಿ ಅವರ ತಂಡ ವರದಿ ಮಾಡಿತು. ‘ಇಲ್ಲ’ ಎಂಬ ಆ ಉತ್ತರವನ್ನು ನಾನು ತುಂಬ ಗೌರವಿಸುತ್ತೇನೆ. ಕಣ್ಣಿಗೆ ಕಾಣದ ಕಲ್ಲಿನ ರಾಶಿಯ ಬಗ್ಗೆ ಖಚಿತವಾಗಿ ಇಲ್ಲ ಎನ್ನಲು ಸಾಧ್ಯವಾದುದೇ ದೊಡ್ಡ ಗೆಲುವು. 2017ರಲ್ಲಿ ಖುಫುವಿನ ಮಹಾ ಪಿರಮಿಡ್ಡಿನೊಳಗೆ ಕನಿಷ್ಠ 30 ಮೀಟರ್ ಉದ್ದದ ಟೊಳ್ಳು ಪತ್ತೆಯಾಯಿತು. ಅದೇ ಪಿರಮಿಡ್ಡಿನ ಉತ್ತರ ಮುಖದ ಹಿಂದೆ ಸುಮಾರು 9 ಮೀಟರ್ ಉದ್ದದ ಓಣಿ ಇದೆಯೆಂದು ಮ್ಯೂಆನ್ ಸೂಚಿಸಿದ ಜಾಗಕ್ಕೆ ಕಲ್ಲಿನ ಸಂದಿಯಿಂದ ಸಣ್ಣ ಕ್ಯಾಮೆರಾ ತೂರಿಸಿ, 2023ರಲ್ಲಿ ಅದನ್ನು ಕಣ್ಣಾರೆ ಕಂಡರು.

ಬೀದರಿಗೆ ಹೆಚ್ಚು ಹತ್ತಿರದ ಉದಾಹರಣೆ ಪಿರಮಿಡ್ಡಲ್ಲ, ಇಟಲಿಯ ನೇಪಲ್ಸ್. ಅಲ್ಲಿ ಮೃದುವಾದ ಜ್ವಾಲಾಮುಖಿ ಕಲ್ಲನ್ನು ಕೊರೆದು ಗ್ರೀಕರು ಸಮಾಧಿ ಮಾಡಿದ್ದರು. ಮೇಲೆ ಇಂದು ಕಿಕ್ಕಿರಿದ ಬಡಾವಣೆ. ಅಗೆಯಲು ಜಾಗವಿಲ್ಲ. ಸುಮಾರು 18 ಮೀಟರ್ ಆಳದ ಹಳೆಯ ನೆಲಮಾಳಿಗೆಯಲ್ಲಿ ಪತ್ತೆಯಂತ್ರವನ್ನಿಟ್ಟು ಮೇಲ್ಮುಖವಾಗಿ ನೋಡಿದ ವಿಜ್ಞಾನಿಗಳು, ಯಾರೂ ಹೊಕ್ಕಿರದ ಒಂದು ಸಮಾಧಿ ಕೋಣೆ ಇರುವುದನ್ನು 2023ರಲ್ಲಿ ಪ್ರಕಟಿಸಿದರು.

ಬೀದರಿನ ನೌಬಾದ್ ಕರೇಜನ್ನು ನೋಡಿದವರಿಗೆ ಇದು ಏಕೆ ಮುಖ್ಯ ಎಂದು ಹೇಳಬೇಕಿಲ್ಲ. ಜನ ಸುರಂಗ ಬಾವಿ ಎಂದು ಕರೆಯುವ ಇದು ಬಹಮನಿ ಕಾಲದಲ್ಲಿ ಪರ್ಷಿಯಾದ ಮಾದರಿಯಲ್ಲಿ ತೋಡಿದ ನೀರಿನ ಕಾಲುವೆ. ಬೀದರ್ ಪಟ್ಟಣ ಕೂತಿರುವುದು ಜಂಬಿಟ್ಟಿಗೆ ಕಲ್ಲಿನ ಎತ್ತರದ ಹಾಸಿನ ಮೇಲೆ, ಅದರ ಕೆಳಗೆ ಕರಿಕಲ್ಲು. ಮಳೆನೀರು ಸಣ್ಣ ರಂಧ್ರಗಳ ಜಂಬಿಟ್ಟಿಗೆಯಲ್ಲಿ ಇಳಿದು, ಕರಿಕಲ್ಲಿಗೆ ತಾಗಿದಾಗ ಮುಂದೆ ಇಳಿಯಲಾರದೆ ಪಕ್ಕಕ್ಕೆ ಹರಿಯುತ್ತದೆ. ಆ ಹರಿವನ್ನು ಹಿಡಿದು ನೆಲದಡಿಯಲ್ಲೇ ಇಳಿಜಾರಿನಲ್ಲಿ ಊರಿಗೆ ತರುವುದು ಕರೇಜಿನ ಜಾಣ್ಮೆ. ಮೂರು ಕಿಲೋಮೀಟರಿನಷ್ಟು ಉದ್ದದ ಈ ಸುರಂಗಕ್ಕೆ ಗಾಳಿ ಬೆಳಕಿಗಾಗಿ, ಹೂಳೆತ್ತುವುದಕ್ಕಾಗಿ ಅಲ್ಲಲ್ಲಿ ಬಾವಿಗಳಿವೆ. ಊರು ಬೆಳೆದ ಹಾಗೆ ಇಂಥ ಬಾವಿಗಳು ಮುಚ್ಚಿಹೋಗುತ್ತವೆ, ಅವುಗಳ ಮೇಲೆ ರಸ್ತೆ ಬರುತ್ತದೆ, ಮನೆ ಏಳುತ್ತದೆ.

ಮ್ಯೂಆನ್ ಚಿತ್ರಣಕ್ಕೆ ಇರುವ ದೊಡ್ಡ ತೊಡಕು ಯಂತ್ರವನ್ನು ವಸ್ತುವಿನ ಕೆಳಗೆ ಇಡಬೇಕಾದದ್ದು. ಮ್ಯೂಆನ್ ಮೇಲಿನಿಂದ ಬರುತ್ತದೆ, ಅಡ್ಡಡ್ಡವಾಗಿ ಬರುವವು ತೀರಾ ವಿರಳ. ಸಾಮಾನ್ಯವಾಗಿ ಕಟ್ಟಡದ ಕೆಳಗೆ ಇಳಿಯಲು ದಾರಿಯೇ ಇರುವುದಿಲ್ಲ. ಬೀದರಿನಲ್ಲಿ ಆ ದಾರಿಯನ್ನು ಐದು ನೂರು ವರ್ಷಗಳ ಹಿಂದೆಯೇ ತೋಡಿಟ್ಟಿದ್ದಾರೆ. ಹೂಳೆತ್ತಿದ ಭಾಗದಲ್ಲಿ ಯಂತ್ರವನ್ನಿಟ್ಟು ಸ್ವಲ್ಪ ಸ್ವಲ್ಪವೇ ಮುಂದೆ ಸರಿಸುತ್ತಾ ಹೋದರೆ, ಮುಚ್ಚಿಹೋದ ಬಾವಿ ಎಲ್ಲಿದೆ, ಸುರಂಗದ ನೆತ್ತಿಯ ಮೇಲೆ ಎಲ್ಲಿ ಕಲ್ಲು ಸಡಿಲವಾಗಿದೆ ಎಂಬುದನ್ನು ಮೇಲಿನ ಒಂದು ಮನೆಯ ನೆಲವನ್ನೂ ಕೆದಕದೆ ಗುರುತಿಸಬಹುದು. ಮಳೆಗಾಲದಲ್ಲಿ ಕಲ್ಲಿಗೆ ನೀರು ತುಂಬಿದಾಗ ತೂಕ ಹೆಚ್ಚುತ್ತದೆ, ಮ್ಯೂಆನ್ ಎಣಿಕೆ ಇಳಿಯುತ್ತದೆ. ಅಂದರೆ ಅಂತರ್ಜಲದ ಏರಿಳಿತವೂ ಅದೇ ಲೆಕ್ಕದಲ್ಲಿ ಸಿಗುತ್ತದೆ. ಕಲ್ಯಾಣ ಕರ್ನಾಟಕದಲ್ಲಿ ಇಂಥ ಪ್ರಯೋಗ ಒಂದನ್ನೇ ಮಾಡಲು ಸಾಧ್ಯ ಎಂದರೆ ನಾನು ಆರಿಸುವುದು ಕರೇಜನ್ನು. ಅಲ್ಲಿ ಇತಿಹಾಸದ ಪ್ರಶ್ನೆಯೂ ಕುಡಿಯುವ ನೀರಿನ ಪ್ರಶ್ನೆಯೂ ಒಂದೇ.

ಮದರಸಾದ ಮಿನಾರಿನ ಕೆಲಸ ಇಷ್ಟು ಸಲೀಸಲ್ಲ. ಯಂತ್ರವನ್ನು ಬುಡದಲ್ಲಿಟ್ಟು ಓರೆಯಾಗಿ ಮೇಲೆ ನೋಡಬೇಕು. ಓರೆ ಹೆಚ್ಚಿದಷ್ಟೂ ಕಣಗಳು ಕಡಿಮೆಯಾಗುವುದರಿಂದ ತಿಂಗಳುಗಳು ಹಿಡಿಯುತ್ತವೆ. ಸೀಸದ ತಗಡಿನ ಮಾತಂತೂ ತಳಪಾಯದ ಕೆಳಗೆ ಜಾಗ ಸಿಕ್ಕರೆ ಮಾತ್ರ. ಕಲಬುರಗಿ ಕೋಟೆಯ ಜಾಮಿ ಮಸೀದಿ ಬೇರೆ ಬಗೆಯ ಸಮಸ್ಯೆ. 1367ರ ಈ ಮಸೀದಿಗೆ ತೆರೆದ ಅಂಗಳವಿಲ್ಲ. 216 ಅಡಿ ಉದ್ದ, 176 ಅಡಿ ಅಗಲದ ಇಡೀ ನೆಲದ ಮೇಲೆ ಕಮಾನು ಗುಮ್ಮಟಗಳ ಛಾವಣಿ ಹರಡಿದೆ. ಛಾವಣಿಯ ಕೆಳಗೆ ಎಲ್ಲಿ ಬೇಕಾದರೂ ಯಂತ್ರ ಇಡಬಹುದು, ಆದರೆ ಛಾವಣಿಯ ದಪ್ಪ ಪಿರಮಿಡ್ಡಿಗೆ ಹೋಲಿಸಿದರೆ ತೆಳು. ತೆಳುವಾದ ಗೋಡೆಯಲ್ಲಿ ಮ್ಯೂಆನ್ ಎಣಿಕೆಯ ವ್ಯತ್ಯಾಸ ಅತಿ ಸೂಕ್ಷ್ಮ. ಅಲ್ಲಿ ನೆಲಭೇದಕ ರೇಡಾರ್, ಉಷ್ಣಚಿತ್ರಣದಂಥ ಸರಳ ಉಪಾಯಗಳೇ ಮೇಲು.

ಹೆಂಚಿನ ಬಣ್ಣ ಎಲ್ಲಿಂದ ಬಂತು ಎಂಬುದು ಮ್ಯೂಆನಿನ ಕೆಲಸವಲ್ಲ. ಅದಕ್ಕೆ ಕಣ ಭೌತವಿಜ್ಞಾನದ ಇನ್ನೊಂದು ಕೂಸಾದ ವೇಗವರ್ಧಕ, ಅಂದರೆ ಕಣಗಳನ್ನು ಭಾರೀ ವೇಗದಲ್ಲಿ ಓಡಿಸುವ ಯಂತ್ರ ಬೇಕು. ಪ್ಯಾರಿಸಿನ ಲೂವ್ರ್ ವಸ್ತುಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಕಲಾಕೃತಿಗಳ ಪರೀಕ್ಷೆಗೆಂದೇ ಒಂದು ವೇಗವರ್ಧಕವಿದೆ. ಪ್ರೋಟಾನ್‌ಗಳ ಸಣ್ಣ ಧಾರೆಯನ್ನು ವಸ್ತುವಿನ ಮೇಲೆ ಬಿಟ್ಟರೆ ಪ್ರತಿ ಮೂಲಧಾತು ತನ್ನದೇ ಆದ ಎಕ್ಸ್‌-ರೇ ಹೊಮ್ಮಿಸುತ್ತದೆ. ವಸ್ತುವನ್ನು ಕತ್ತರಿಸದೆ ಅದರಲ್ಲಿ ಏನೇನಿದೆ ಎಂದು ಓದಬಹುದು. ನಮ್ಮಲ್ಲಿ ಭುವನೇಶ್ವರದ ಭೌತವಿಜ್ಞಾನ ಸಂಸ್ಥೆಯಲ್ಲಿ ಇಂಥ ವೇಗವರ್ಧಕವಿದೆ. ಇಂದೋರಿನ ಇಂಡಸ್-2 ಸಿಂಕ್ರೊಟ್ರಾನ್ ಎಂಬ ಇನ್ನೊಂದು ಬಗೆಯ ವೇಗವರ್ಧಕ ಎಕ್ಸ್‌-ರೇಗಳಿಂದ ಅದೇ ಕೆಲಸ ಮಾಡಬಲ್ಲದು. ಬಹಮನಿ ರಾಜ್ಯದ ಮಂತ್ರಿಯಾಗಿದ್ದ ಗವಾನ್ ಇರಾನಿನ ಗಿಲಾನ್ ಸೀಮೆಯವನು. ಅವನ ಮದರಸಾದ ಹೆಂಚುಗಳು ಹಡಗಿನಲ್ಲಿ ಬಂದವೇ, ಅಥವಾ ಬಂದ ಕುಶಲಿಗರು ಇಲ್ಲಿಯ ಮಣ್ಣಿನಲ್ಲೇ ಸುಟ್ಟರೇ? ಪರ್ಷಿಯಾದ ಗಾಜಿನ ಲೇಪಕ್ಕೆ ಸಾಮಾನ್ಯವಾಗಿ ಗಿಡದ ಬೂದಿಯ ಕ್ಷಾರ ಬಳಸುತ್ತಿದ್ದರು, ಅದರಲ್ಲಿ ಮೆಗ್ನೀಸಿಯಂ ಮತ್ತು ಪೊಟ್ಯಾಸಿಯಂ ಹೆಚ್ಚು. ಭಾರತದ ಹಳೆಯ ಗಾಜಿನಲ್ಲಿ ಹೆಚ್ಚಾಗಿ ಸವಳು ಮಣ್ಣಿನ ಕ್ಷಾರ, ಅದರಲ್ಲಿ ಅಲ್ಯೂಮಿನಾ ಹೆಚ್ಚು. ನೆಲಕ್ಕೆ ಉದುರಿದ ಒಂದು ಚೂರು ಸಾಕು, ಈ ವ್ಯತ್ಯಾಸ ಓದಲು. ಬೀದರಿನಿಂದ ಜಹೀರಾಬಾದ್ ದಾಟಿ ಹೋದರೆ ಸಿಗುವ ಮೇದಕ್ ಕ್ಯಾಥೆಡ್ರಲ್ಲಿನ ಬಣ್ಣದ ಗಾಜಿನ ಕಿಟಕಿಗಳಿಗೂ ಇದೇ ವಿಧಾನ ಒಪ್ಪುತ್ತದೆ. 1924ರಲ್ಲಿ ಪ್ರತಿಷ್ಠಾಪನೆಯಾದ ಆ ಚರ್ಚಿಗೆ ಈಗ ನೂರು ದಾಟಿದೆ. ಗಾಜಿನ ನೀಲಿ, ಕೆಂಪು ಬಣ್ಣಗಳು ಯಾವ ಲೋಹದಿಂದ ಬಂದಿವೆ ಎಂದು ತಿಳಿಯದೆ ಅವುಗಳನ್ನು ತೊಳೆಯಲು ಹೊರಡುವುದು ಅಪಾಯ.

ಕಾಲ ನಿರ್ಣಯದ ಕಥೆ ಇನ್ನೂ ಸ್ವಾರಸ್ಯಕರ. 2019ರ ಏಪ್ರಿಲ್ 15ರಂದು ಪ್ಯಾರಿಸಿನ ನೋತ್ರ್‌ದಾಮ್ ಚರ್ಚು ಹೊತ್ತಿ ಉರಿದಾಗ, ಮುಚ್ಚಿಹೋಗಿದ್ದ ಕಬ್ಬಿಣದ ಪಟ್ಟಿಗಳು ಹೊರಬಿದ್ದವು. ಕಲ್ಲುಗಳನ್ನು ಒಂದಕ್ಕೊಂದು ಬಿಗಿದಿದ್ದ ಪಟ್ಟಿಗಳವು. ಹಿಂದಿನ ದುರಸ್ತಿಯ ಕಾಲದವಿರಬಹುದು ಎಂಬ ಅನುಮಾನವೂ ಇತ್ತು. ಕಬ್ಬಿಣ ಕಾಯಿಸುವಾಗ ಇದ್ದಿಲಿನ ಇಂಗಾಲ ಅಲ್ಪ ಪ್ರಮಾಣದಲ್ಲಿ ಅದರೊಳಗೆ ಸೇರುತ್ತದೆ. ಆ ಇಂಗಾಲದಲ್ಲಿ, ಕಾಲ ಕಳೆದಂತೆ ಗೊತ್ತಾದ ಲೆಕ್ಕದಲ್ಲಿ ಕಡಿಮೆಯಾಗುತ್ತಾ ಹೋಗುವ ಇಂಗಾಲ-14 ಎಂಬ ಬಗೆಯ ಪರಮಾಣುಗಳನ್ನು ವೇಗವರ್ಧಕದಲ್ಲಿ ಎಣಿಸಿದಾಗ, ಪಟ್ಟಿಗಳಲ್ಲಿ ಕೆಲವು 1160ರ ದಶಕದವು ಎಂದು ತಿಳಿಯಿತು. ಅಂದರೆ ಕಟ್ಟಡ ಶುರುವಾದ ದಿನದಿಂದಲೂ ಕಬ್ಬಿಣ ಅದರ ರಚನೆಯ ಭಾಗವಾಗಿತ್ತು. 2023ರ ಈ ಅಧ್ಯಯನ ಗಾಥಿಕ್ ಶೈಲಿಯ ಚರಿತ್ರೆಯನ್ನೇ ತಿದ್ದಿತು.

ಸುಣ್ಣದ ಗಾರೆಗೂ ಇದೇ ಗುಣವಿದೆ. ಸುಟ್ಟ ಸುಣ್ಣ ಗೋಡೆಯಲ್ಲಿ ಗಟ್ಟಿಯಾಗುವಾಗ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರುತ್ತದೆ. ಹಾಗೆ ಹೀರಿದ ಇಂಗಾಲ ಗೋಡೆ ಕಟ್ಟಿದ ವರ್ಷದ್ದು. ಶಾಸನವಿಲ್ಲದ ಗುಮ್ಮಟ, ಹೆಸರು ಮರೆತ ಮಠದ ಪೌಳಿ, ಹಳ್ಳಿಯ ಹಳೆಯ ಚರ್ಚು, ಎಲ್ಲಕ್ಕೂ ಒಳಗೇ ತಾರೀಖು ಬರೆದಿದೆ. ಓದುವುದು ಮಾತ್ರ ಕಷ್ಟ, ಅದರಲ್ಲೂ ಕಲಬುರಗಿಯಲ್ಲಿ. ಶಹಾಬಾದ್, ಚಿತ್ತಾಪುರ, ಸೇಡಂ ಎಂದರೆ ಸುಣ್ಣಕಲ್ಲಿನ ನೆಲ. ಫರಸಿಗೆ ಹಾಸುವುದು ಅದೇ, ಕನಗನಹಳ್ಳಿ ಸ್ತೂಪದ ಶಿಲ್ಪಗಳನ್ನು ಕಡೆದದ್ದೂ ಸುಣ್ಣಕಲ್ಲಿನಲ್ಲೇ. ಸರಿಯಾಗಿ ಬೇಯದ ಸುಣ್ಣಕಲ್ಲಿನ ಹರಳು ಅಥವಾ ಅದರ ಮರಳು ಗಾರೆಯಲ್ಲಿ ಉಳಿದರೆ, ಕೋಟ್ಯಂತರ ವರ್ಷ ಹಳೆಯ ಆ ಇಂಗಾಲ ಲೆಕ್ಕದಲ್ಲಿ ಸೇರಿ ಕಟ್ಟಡವನ್ನು ನಿಜಕ್ಕಿಂತ ಬಹಳ ಹಳೆಯದೆಂದು ತೋರಿಸುತ್ತದೆ. ಯಾವ ಊರಿನ ಗಾರೆ ಹೇಗೆ ಬೆರೆಯುತ್ತಿತ್ತು ಎಂದು ಬಲ್ಲ ಸ್ಥಳೀಯ ಗೌಂಡಿಯ ತಿಳಿವಳಿಕೆ ಇಲ್ಲದೆ, ದೆಹಲಿಯ ಪ್ರಯೋಗಾಲಯಕ್ಕೆ ಕಳಿಸಿದ ಚೂರು ದಾರಿತಪ್ಪಿಸುವ ಉತ್ತರವನ್ನೇ ತರುತ್ತದೆ.

ಈ ಭಾಗದ ಚರ್ಚುಗಳ ವಿಷಯದಲ್ಲಿ ನನಗೆ ಹೆಚ್ಚಿನ ಆತಂಕವಿದೆ. ಬೀದರ್ ಜಿಲ್ಲೆಯಲ್ಲಿ ಮೆಥೋಡಿಸ್ಟ್ ಸಭೆಗಳು ನಿಜಾಮರ ಕಾಲದಿಂದ ಬೆಳೆದುಬಂದಿವೆ. ಕಲಬುರಗಿ 2005ರಿಂದ ಕ್ಯಾಥೊಲಿಕ್ ಧರ್ಮಪ್ರಾಂತ್ಯವೂ ಹೌದು. ಬಹಮನಿ ಸ್ಮಾರಕಗಳಲ್ಲಿ ಅನೇಕವು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. ಕಲಬುರಗಿ, ಬೀದರ್, ವಿಜಯಪುರ, ಹೈದರಾಬಾದಿನ ದಖ್ಖನಿ ಸ್ಮಾರಕಗಳು 2014ರಿಂದ ಯುನೆಸ್ಕೊದ ತಾತ್ಕಾಲಿಕ ಪಟ್ಟಿಯಲ್ಲೂ ಇವೆ. ಹಳ್ಳಿಯ ಚರ್ಚಿಗೆ ಅಂಥ ಯಾವ ಪಟ್ಟಿಯೂ ಇಲ್ಲ. ಸಭೆಯ ಜನ ಹೆಚ್ಚಿದಾಗ ಹಳೆಯದನ್ನು ಕೆಡವಿ ದೊಡ್ಡದನ್ನು ಕಟ್ಟಬೇಕೆನಿಸುವುದು ಸಹಜ, ಅದು ಅವರ ಹಕ್ಕು. ಕೆಡಹುವ ಮುನ್ನ ಅಳತೆ ತೆಗೆದು, ಗಾರೆಯ ಚೂರು ಎತ್ತಿಟ್ಟು, ಮೇಸ್ತ್ರಿಗಳ ಮನೆತನ ಯಾವುದು ಎಂದು ಕೇಳಿ ಬರೆದಿಡಲು ಬೇಕಾಗುವುದು ಒಂದು ವಾರ ಮತ್ತು ಒಬ್ಬ ಆಸಕ್ತ ವಿದ್ಯಾರ್ಥಿ. ಮಸೀದಿ ಕಟ್ಟಿದ ಕೈಗಳ ಮೊಮ್ಮಕ್ಕಳೇ ಚರ್ಚು ಕಟ್ಟಿದರೇ ಎಂಬಂಥ ಪ್ರಶ್ನೆಗೆ ಉತ್ತರ ಸಿಗುವುದು ಹೀಗೆ.

ಪೂಜೆ, ಪ್ರಾರ್ಥನೆ ನಡೆಯುವ ಜಾಗದಲ್ಲಿ ವಿಜ್ಞಾನ ಕಾಲಿಡುವಾಗ ಸೂಕ್ಷ್ಮ ಬೇಕು. ಯೇಸುವಿನ ಶವಕ್ಕೆ ಹೊದಿಸಿದ್ದು ಎಂದು ಭಕ್ತರು ನಂಬುವ, ಇಟಲಿಯ ಟ್ಯೂರಿನ್ ನಗರದ ಪವಿತ್ರ ವಸ್ತ್ರದ ಚೂರನ್ನು ಕತ್ತರಿಸಿ 1988ರಲ್ಲಿ ಮೂರು ಪ್ರಯೋಗಾಲಯಗಳು ಪರೀಕ್ಷಿಸಿ, ಅದು 1260ರಿಂದ 1390ರ ನಡುವಿನದು ಎಂದವು. ಚರ್ಚಿನ ಅನುಮತಿಯಿಂದಲೇ ನಡೆದ ಪರೀಕ್ಷೆಯಾದರೂ ವಾದ ಇನ್ನೂ ನಿಂತಿಲ್ಲ. ಬೀದರ್ ಬಳಿಯ ಅಷ್ಟೂರಿನಲ್ಲಿರುವ ಬಹಮನಿ ಸುಲ್ತಾನ ಅಹಮದ್ ಷಾ ವಲಿಯ ಗುಮ್ಮಟದ ಒಳಗಿನ ಬಣ್ಣದ ಚಿತ್ರಗಳಿಂದ ಚೂರು ಕೆರೆಯುತ್ತೇವೆ ಎಂದು ಹೊರಟರೆ, ಉರುಸಿಗೆ ಸೇರುವ ಹಿಂದೂ, ಮುಸ್ಲಿಂ ಭಕ್ತರಿಬ್ಬರೂ ತಡೆದಾರು, ಮತ್ತು ತಡೆಯುವುದು ಸರಿ. ಮುಟ್ಟದೆ ನೋಡುವ ವಿಧಾನಗಳಿಗೆ ಇರುವ ನಿಜವಾದ ಬೆಲೆ ಅಲ್ಲಿ ತಿಳಿಯುತ್ತದೆ.

ಇನ್ನೊಂದು ಅಪಾಯವನ್ನು ಯುರೋಪಿನ ಪ್ರಬಂಧಗಳು ಹೇಳಿಕೊಡುವುದಿಲ್ಲ. ಅದು ನಿಧಿಗಳ್ಳರ ಕಾಟ. ಕೋಟೆಯ ಮೂಲೆಯಲ್ಲಿ, ಹಾಳು ಗುಡಿಯ ಗರ್ಭಗೃಹದಲ್ಲಿ, ಗೋರಿಗಳ ಬಳಿ ಅಮಾವಾಸ್ಯೆಯ ರಾತ್ರಿ ಗುಂಡಿ ತೋಡುವವರು ನಮ್ಮ ಕಡೆ ಹೊಸಬರಲ್ಲ. ‘ಗೋಡೆಯೊಳಗೆ ಟೊಳ್ಳು ಪತ್ತೆ’ ಎಂಬ ಒಂದು ಸುದ್ದಿ ಸಾಕು, ವಿಜ್ಞಾನಿಗಳು ಒಂದು ವರ್ಷ ಮುಟ್ಟದೆ ಕಾಪಾಡಿದ ಗೋಡೆಗೆ ಒಂದೇ ರಾತ್ರಿಯಲ್ಲಿ ಹಾರೆ ಬೀಳುತ್ತದೆ. ಮ್ಯೂಆನ್ ಚಿನ್ನವನ್ನು ಹುಡುಕುವುದಿಲ್ಲ. ದೊಡ್ಡ ರಚನೆಗಳಲ್ಲಿ ಅದಕ್ಕೆ ಕಾಣುವುದು ಕೋಣೆಯಷ್ಟು, ಓಣಿಯಷ್ಟು ದೊಡ್ಡ ಟೊಳ್ಳು. ಕೊಡ ಹೊನ್ನು ಕಾಣುವುದಿಲ್ಲ. ಇದನ್ನು ಪ್ರಯೋಗ ಶುರುವಾಗುವ ಮುಂಚೆಯೇ ಊರಿನವರಿಗೆ ಕನ್ನಡದಲ್ಲಿ, ಉರ್ದುವಿನಲ್ಲಿ ಬಿಡಿಸಿ ಹೇಳಬೇಕು. ಟೊಳ್ಳಿನ ನಿಖರ ಜಾಗವನ್ನು ಕಾವಲು ಗಟ್ಟಿಯಾಗುವವರೆಗೆ ಪ್ರಕಟಿಸಬಾರದು. ಜ್ಞಾನ ಎಲ್ಲರಿಗೂ ತೆರೆದಿರಬೇಕು ಎಂದು ನಂಬುವವನಾದರೂ ಈ ಒಂದು ವಿಷಯದಲ್ಲಿ ನಾನು ತಡೆಯ ಪಕ್ಷ.

ಕೊನೆಗೆ ಯಾರು ಮಾಡಬೇಕು ಎಂಬ ಮಾತು. ತಮಿಳುನಾಡಿನ ಥೇಣಿಯಲ್ಲಿ ಯೋಜಿಸಿದ್ದ ಭಾರತೀಯ ನ್ಯೂಟ್ರಿನೊ ವೀಕ್ಷಣಾಲಯ ವಿರೋಧ ಮತ್ತು ಪರವಾನಗಿಗಳ ತೊಡಕಿನಲ್ಲಿ ನಿಂತುಹೋಗಿದೆ. ಆದರೆ ಅದಕ್ಕಾಗಿ ದೇಶದಲ್ಲೇ ರೂಪಿಸಿದ ಮ್ಯೂಆನ್ ಪತ್ತೆಯಂತ್ರಗಳು ಮದುರೈನಲ್ಲಿ ಕೆಲಸ ಮಾಡಿವೆ, ಅವುಗಳನ್ನು ಕಟ್ಟಬಲ್ಲವರು ಇದ್ದಾರೆ. ಊಟಿಯ ಗ್ರೇಪ್ಸ್-3 ಎಂಬ ವಿಶ್ವಕಿರಣ ಅಧ್ಯಯನ ಕೇಂದ್ರ ಮ್ಯೂಆನ್ ಎಣಿಕೆಯ ಇಳಿಕೆಯಿಂದಲೇ ಒಂದು ಗುಡುಗು ಮೋಡದಲ್ಲಿ ನೂರು ಕೋಟಿಗೂ ಮಿಕ್ಕಿದ ವೋಲ್ಟ್ ಇತ್ತು ಎಂದು 2019ರಲ್ಲಿ ತೋರಿಸಿತು. ಕಲಬುರಗಿಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯವಿದೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಯಂತ್ರ ಮೊದಲು ಬಂದು ಪ್ರಶ್ನೆ ಆಮೇಲೆ ಹುಡುಕುವಂತಾದರೆ ಹಣ ವ್ಯರ್ಥ. ಮೊದಲು ಬೇಕಾದದ್ದು ಯಾವ ಗೋಡೆಯಲ್ಲಿ ಏನನ್ನು ಹುಡುಕಬೇಕು ಎಂಬ ಪಟ್ಟಿ. ಅದನ್ನು ಬರೆಯಬಲ್ಲವರು ಇತಿಹಾಸದ, ವಾಸ್ತುಶಿಲ್ಪದ, ಪರ್ಷಿಯನ್ ಮತ್ತು ಹಳಗನ್ನಡ ಶಾಸನಗಳ ವಿದ್ವಾಂಸರು. ಭೌತವಿಜ್ಞಾನದ ಎಂ.ಎಸ್ಸಿ. ವಿದ್ಯಾರ್ಥಿಯೊಬ್ಬ ಜಿನೀವಾದ ಕಣ ಭೌತವಿಜ್ಞಾನ ಕೇಂದ್ರದ ಕನಸು ಕಾಣುವುದು ಒಳ್ಳೆಯದೇ. ಅವನ ಮೊದಲ ಯೋಜನಾ ವರದಿ ನೌಬಾದಿನ ಸುರಂಗದಲ್ಲಿ ಆಗಬಹುದು ಎಂದು ಅವನಿಗೆ ಯಾರಾದರೂ ಹೇಳಬೇಕು.

ಇದೆಲ್ಲಕ್ಕೂ ಹಣ ಮತ್ತು ವರ್ಷಗಳು ಬೇಕು. ನಾಳೆಯೇ, ಖರ್ಚಿಲ್ಲದೆ ಶುರುವಾಗಬಹುದಾದ ಕೆಲಸವೊಂದಿದೆ. ದರ್ಗಾ, ದೇವಸ್ಥಾನ, ಚರ್ಚು, ಕೋಟೆ ಯಾವುದೇ ಇರಲಿ, ದುರಸ್ತಿಯ ಹೆಸರಿನಲ್ಲಿ ಹಳೆಯ ಗಿಲಾವು ಕೆತ್ತಿದಾಗ ಆ ಗಾರೆ ತಿಪ್ಪೆ ಸೇರಿ ಅದರ ಜಾಗಕ್ಕೆ ಸಿಮೆಂಟು ಬರುತ್ತದೆ. ಸಿಮೆಂಟು ಗೋಡೆಯ ಬೆವರನ್ನು ಒಳಗೇ ಕಟ್ಟಿಹಾಕಿ, ಉಪ್ಪು ಕಟ್ಟಿಸಿ, ಒಳಗಿನ ಸುಣ್ಣವನ್ನು ತಿನ್ನುತ್ತದೆ ಎಂಬುದು ಬೇರೆಯೇ ಸಂಕಟ. ಕಿತ್ತ ಗಾರೆಯಲ್ಲಿ ಮುಷ್ಟಿಯಷ್ಟನ್ನು ಒಣ ಡಬ್ಬಿಗೆ ಹಾಕಿ, ಯಾವ ಗೋಡೆ, ನೆಲದಿಂದ ಎಷ್ಟು ಎತ್ತರ, ಕಿತ್ತ ದಿನ ಯಾವುದು ಎಂದು ಚೀಟಿ ಬರೆದು, ಒಂದು ಫೋಟೊ ಸಮೇತ ಹತ್ತಿರದ ಕಾಲೇಜಿಗೆ ಅಥವಾ ವಸ್ತುಸಂಗ್ರಹಾಲಯಕ್ಕೆ ಕೊಡಬಹುದು. ರಕ್ಷಿತ ಸ್ಮಾರಕವಾದರೆ ಅಲ್ಲಿ ಕೆಲಸ ಮಾಡುವ ಇಲಾಖೆಯವರೇ ಇದನ್ನು ಮಾಡಬೇಕು, ಬೇರೆಯವರು ಕೈ ಹಾಕಬಾರದು. ಗುತ್ತಿಗೆಯ ಕರಾರಿನಲ್ಲಿ ಒಂದು ಸಾಲು ಸೇರಿಸಿದರೆ ಇದು ಕಡ್ಡಾಯವಾಗುತ್ತದೆ.